ಕಾದ ಕಬ್ಬಿಣದ ಎದುರು ಅಸ್ಸಿಸಿಯ ಸಂತ ಫ್ರಾನ್ಸಿಸ್

ಆಪರೇಶನ್ ಎಂಬ ಮಾತು ಕೇಳಿದ ಕೂಡಲೇ ಎದೆ ಝಲ್ ಎನ್ನದವರು ಕಡಿಮೆ. ಡಾಕ್ಟರು ದಿನ ಗೊತ್ತುಮಾಡಿದ ಮೇಲೆ ಊಟ ಸೇರುವುದಿಲ್ಲ, ರಾತ್ರಿ ನಿದ್ರೆ ಹತ್ತುವುದಿಲ್ಲ. ವಿಶ್ವಾಸಿಗಳಲ್ಲಿ ಕೆಲವರಿಗೆ ಇದರ ಮೇಲೆ ಇನ್ನೊಂದು ಚಿಂತೆ. ದಿನವೂ ಜಪಸರ ಹೇಳುವ ನಾನು ಹೀಗೆ ಹೆದರಬಹುದೇ, ನನ್ನ ವಿಶ್ವಾಸ ಇಷ್ಟೇಯೇ ಎಂದು ಅವರು ತಮ್ಮೊಳಗೇ ನೊಂದುಕೊಳ್ಳುತ್ತಾರೆ. ಅಂಥವರು ಅಸ್ಸಿಸಿಯ ಸಂತ ಫ್ರಾನ್ಸಿಸರ ಕೊನೆಯ ವರ್ಷಗಳ ಕಥೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಹಕ್ಕಿಗಳಿಗೆ ಬೋಧನೆ ಮಾಡಿದ ಫ್ರಾನ್ಸಿಸರು, ಗ್ರೆಚ್ಚೊದಲ್ಲಿ ಗೋದಲಿ ಏರ್ಪಡಿಸಿದ ಫ್ರಾನ್ಸಿಸರು ನಮಗೆಲ್ಲ ಪರಿಚಿತರು. ಚಿಕಿತ್ಸೆಯ ಮುಂದೆ ಹೆದರಿದ ಫ್ರಾನ್ಸಿಸರು ಅಷ್ಟು ಪರಿಚಿತರಲ್ಲ.

ಇಟಲಿಯ ಅಸ್ಸಿಸಿ ಪಟ್ಟಣದ ಬಟ್ಟೆ ವ್ಯಾಪಾರಿ ಪಿಯೆತ್ರೊ ಬೆರ್ನಾರ್ದೊನೆಯ ಮಗನಾಗಿ ಅವರು ಹುಟ್ಟಿದ್ದು 1181 ಅಥವಾ 1182ರಲ್ಲಿ. ಯೌವನದಲ್ಲಿ ಯುದ್ಧಕ್ಕೆ ಹೋಗಿ ಪೆರುಜಿಯಾದವರ ಕೈಗೆ ಸಿಕ್ಕಿ ಸುಮಾರು ಒಂದು ವರ್ಷ ಸೆರೆಯಲ್ಲಿದ್ದರು. ಆಮೇಲೆ ಬಹಳ ದಿನ ಕಾಯಿಲೆ ಮಲಗಿದರು. ತಂದೆಯ ಆಸ್ತಿಯನ್ನು ಬಿಟ್ಟು ಬಡತನವನ್ನು ಆರಿಸಿಕೊಂಡ ಅವರ ಸುತ್ತ ಸಹೋದರರ ಗುಂಪು ಬೆಳೆಯಿತು. 1209ರಲ್ಲಿ ಮೂರನೇ ಇನ್ನೊಸೆಂಟ್ ಜಗದ್ಗುರುಗಳು ಅವರ ಜೀವನಕ್ರಮಕ್ಕೆ ಬಾಯಿಮಾತಿನ ಒಪ್ಪಿಗೆ ಕೊಟ್ಟರು. ಉಪವಾಸ, ಕಾಲ್ನಡಿಗೆ, ನೆಲದ ಮೇಲಿನ ಮಲಗು, ಇವುಗಳಿಂದ ಅವರ ದೇಹ ಬೇಗನೆ ಸವೆಯಿತು.

1219ರಲ್ಲಿ ಫ್ರಾನ್ಸಿಸರು ಈಜಿಪ್ಟಿಗೆ ಹೋಗಿ, ಧರ್ಮಯುದ್ಧದ ನಡುವೆಯೇ ಸುಲ್ತಾನ್ ಅಲ್ ಕಾಮಿಲನನ್ನು ಭೇಟಿಯಾದರು. ಅಲ್ಲಿಂದ ಮರಳುವಾಗ ಅವರ ಜೊತೆ ಕಣ್ಣಿನ ರೋಗವೂ ಬಂತು. ಅದು ಟ್ರಕೋಮಾ ಇರಬಹುದೆಂದು ಇಂದಿನ ಹಲವರು ಊಹಿಸುತ್ತಾರೆ. ವರ್ಷ ಕಳೆದಂತೆ ನೋವು ಹೆಚ್ಚಿತು, ದೃಷ್ಟಿ ಕುಂದಿತು. 1224ರ ಸೆಪ್ಟೆಂಬರಿನಲ್ಲಿ ಲಾ ವೆರ್ನಾ ಬೆಟ್ಟದಲ್ಲಿ ಅವರು ಪಂಚಗಾಯಗಳನ್ನು ಪಡೆದರು. 1225ರಲ್ಲಿ ಸಾನ್ ದಾಮಿಯಾನೊದ ಗುಡಿಸಲಿನಲ್ಲಿ ಮಲಗಿದ್ದಾಗ ಹಗಲಿನ ಬೆಳಕನ್ನೂ ರಾತ್ರಿ ಬೆಂಕಿಯ ಬೆಳಕನ್ನೂ ಸಹಿಸಲಾಗದ ಸ್ಥಿತಿ. ಅದರ ಮೇಲೆ ಇಲಿಗಳ ಕಾಟ. ಸೂರ್ಯ, ಗಾಳಿ, ನೀರು, ಬೆಂಕಿಗಳನ್ನು ಒಡಹುಟ್ಟಿದವರೆಂದು ಕರೆದು ದೇವರನ್ನು ಸ್ತುತಿಸುವ ಅವರ ಪ್ರಸಿದ್ಧ ಗೀತೆ ಹುಟ್ಟಿದ್ದು ಈ ಕತ್ತಲೆಯಲ್ಲೇ.

ಚಿಕಿತ್ಸೆ ಮಾಡಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಸಭೆಯ ಮುಖ್ಯಸ್ಥರಾಗಿದ್ದ ಸಹೋದರ ಎಲಿಯಾಸರೂ ಕಾರ್ಡಿನಲ್ ಉಗೊಲಿನೊ ಅವರೂ ಬಿಡದೆ ಒತ್ತಾಯಿಸಿದರು. ಅವರ ಆರೋಗ್ಯ ಅವರೊಬ್ಬರದಲ್ಲ, ಅನೇಕರಿಗೆ ಬೇಕಾದದ್ದು ಎಂದು ಕಾರ್ಡಿನಲರು ತಿಳಿಹೇಳಿದರು. ಕಾಯಿಲೆಯ ಸಹೋದರರಿಗೆ ಕರುಣೆ ತೋರುವವರು ತಮ್ಮ ಮೇಲೆ ಮಾತ್ರ ಕ್ರೂರವಾಗಿರುವುದು ಸರಿಯಲ್ಲವೆಂದೂ ನೆನಪಿಸಿದರು. ಫ್ರಾನ್ಸಿಸರು ವಿಧೇಯರಾಗಿ ಒಪ್ಪಿದರು. ಬೆಳಕು ಬೀಳದಂತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕುದುರೆಯ ಮೇಲೆ ರಿಯೇತಿ ಕಣಿವೆಗೆ ಹೊರಟರು. ಆಗ ಜಗದ್ಗುರುಗಳ ಆಸ್ಥಾನ ರಿಯೇತಿಯಲ್ಲಿತ್ತು. ವೈದ್ಯರು ಬಂದು ನೋಡಿದ್ದು ಹತ್ತಿರದ ಫೊಂತೆ ಕೊಲೊಂಬೊ ಆಶ್ರಮದಲ್ಲಿ. ಎರಡು ವರ್ಷ ಮೊದಲು, 1223ರಲ್ಲಿ, ಅವರು ತಮ್ಮ ಸಭೆಯ ನಿಯಮಾವಳಿಯನ್ನು ಬರೆಸಿದ್ದು ಇದೇ ಜಾಗದಲ್ಲಿ.

ವೈದ್ಯರು ಸೂಚಿಸಿದ ಚಿಕಿತ್ಸೆ ಕೇಳಿದರೆ ಮೈ ನಡುಗುತ್ತದೆ. ಕೆಟ್ಟ ದ್ರವ ಕಣ್ಣಿಗೆ ಇಳಿಯುವುದರಿಂದ ರೋಗ ಬರುತ್ತದೆ, ಅದರ ದಾರಿಯನ್ನು ಸುಟ್ಟು ಮುಚ್ಚಬೇಕು ಎಂಬುದು ಆ ಕಾಲದ ವೈದ್ಯಶಾಸ್ತ್ರದ ನಂಬಿಕೆ. ಅದಕ್ಕಾಗಿ ಕಾದ ಕಬ್ಬಿಣದಿಂದ ದವಡೆಯಿಂದ ಹುಬ್ಬಿನವರೆಗೆ ಬರೆ ಹಾಕಬೇಕಿತ್ತು. ಮೈಮರೆಸುವ ಮದ್ದು ಇರಲಿಲ್ಲ. ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಬೋಸ್ಟನ್ ನಗರದಲ್ಲಿ ಎಲ್ಲರೆದುರು ತೋರಿಸಿದ್ದು 1846ರಲ್ಲಿ, ಆರು ಶತಮಾನಗಳ ಬಳಿಕ.

ಎಲಿಯಾಸರು ಬಂದ ಮೇಲೆ ಮಾಡೋಣವೆಂದು ಫ್ರಾನ್ಸಿಸರು ಕಾದರು. ತಮ್ಮವರೊಬ್ಬರು ಹತ್ತಿರ ಇರಲಿ ಎಂಬ ಆಸೆ ಸಂತರಿಗೂ ಇತ್ತು. ಆದರೆ ಎಲಿಯಾಸರು ಬರಲಾಗಲಿಲ್ಲ, ನೋವು ತಡೆಯಲಾಗಲಿಲ್ಲ. ಕೊನೆಗೆ ವೈದ್ಯರು ಕಬ್ಬಿಣವನ್ನು ಬೆಂಕಿಯಲ್ಲಿಟ್ಟರು. ಅದನ್ನು ಕಂಡು ಅವರ ದೇಹ ಭಯದಿಂದ ನಡುಗಿತೆಂದು ಮೊದಲ ಜೀವನಚರಿತ್ರೆಕಾರ ಚೆಲಾನೊದ ಥಾಮಸ್ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಪಂಚಗಾಯಗಳನ್ನು ಹೊತ್ತ ಸಂತರೂ ಹೆದರಿದರು.

ಆ ಭಯದ ಹೊತ್ತಿನಲ್ಲಿ ಅವರು ಕಣ್ಣು ಮುಚ್ಚಿ ಸುಮ್ಮನಾಗಲಿಲ್ಲ, ಹೆದರಿಕೆಯೇ ಇಲ್ಲವೆಂದು ನಟಿಸಲೂ ಇಲ್ಲ. ತಮ್ಮನ್ನು ಹೆದರಿಸುತ್ತಿದ್ದ ಬೆಂಕಿಯನ್ನೇ ನೇರವಾಗಿ ಮಾತಾಡಿಸಿದರು. ಸಹೋದರನೆಂದು ಕರೆದು, ಅದನ್ನು ಸೃಷ್ಟಿಸಿದ ದೇವರ ಸಲುವಾಗಿ ತಾನು ಅದನ್ನು ಸದಾ ಪ್ರೀತಿಸಿದ್ದನ್ನು ನೆನಪಿಸಿದರು. ಈ ಗಳಿಗೆಯಲ್ಲಿ ತನ್ನೊಡನೆ ಮೃದುವಾಗಿರಬೇಕು, ತಾಳಿಕೊಳ್ಳುವಷ್ಟು ಮಾತ್ರ ಸುಡಬೇಕು ಎಂದು ಬೇಡಿಕೊಂಡರು. ಬೆಂಕಿಯ ಮೇಲೆ ಶಿಲುಬೆಯ ಗುರುತು ಮಾಡಿದರು. ಮತ್ತೆ ವೈದ್ಯರಿಗೆ ಮುಖವೊಡ್ಡಿದರು.

ಜೊತೆಗಿದ್ದ ಸಹೋದರರಿಗೆ ನೋಡಲಾಗಲಿಲ್ಲ. ಅವರು ಕನಿಕರ ತಡೆಯಲಾರದೆ ಹೊರಗೆ ಓಡಿದರು. ಒಳಗೆ ಉಳಿದವರು ರೋಗಿ ಮತ್ತು ವೈದ್ಯರು ಮಾತ್ರ. ಎಲ್ಲ ಮುಗಿದು ಮರಳಿ ಬಂದಾಗ ಫ್ರಾನ್ಸಿಸರು ಅವರ ಪುಕ್ಕಲುತನವನ್ನು ಪ್ರೀತಿಯಿಂದಲೇ ಗದರಿಸಿದರು. ತನಗೆ ನೋವಾಗಲಿಲ್ಲವೆಂದರು, ಇಷ್ಟು ಬೆಂದದ್ದು ಸಾಲದಿದ್ದರೆ ಇನ್ನೊಮ್ಮೆ ಸುಡಬಹುದೆಂದು ತಮಾಷೆಯನ್ನೂ ಮಾಡಿದರು. ಗಟ್ಟಿಮುಟ್ಟಾದವರೂ ತಾಳಲಾರದ್ದನ್ನು ಇಷ್ಟು ಸೊರಗಿದ ಮನುಷ್ಯ ತಾಳಿದ್ದು ಕಂಡು ವೈದ್ಯರು ಬೆರಗಾದರು.

ಇಷ್ಟಾದರೂ ಕಣ್ಣು ಗುಣವಾಗಲಿಲ್ಲ. ಇನ್ನೊಬ್ಬ ವೈದ್ಯರು ಕಿವಿಗಳನ್ನು ಕಾದ ಕಬ್ಬಿಣದಿಂದ ಚುಚ್ಚಿದರು, ಅದರಿಂದಲೂ ಪ್ರಯೋಜನವಾಗಲಿಲ್ಲ. ಈ ಕಥೆಯನ್ನು ಧೈರ್ಯದ ಕಥೆಯಾಗಿ ಮಾತ್ರ ಹೇಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಪ್ರಾರ್ಥನೆ ಅವರಿಗೆ ದೃಷ್ಟಿಯನ್ನು ಮರಳಿ ಕೊಡಲಿಲ್ಲ, ಆ ಗಳಿಗೆಯನ್ನು ದಾಟುವ ಶಕ್ತಿಯನ್ನು ಕೊಟ್ಟಿತು.

ಮರುವರ್ಷ ಅಸ್ಸಿಸಿಯ ಧರ್ಮಾಧ್ಯಕ್ಷರ ನಿವಾಸದಲ್ಲಿದ್ದಾಗ, ತಮ್ಮ ಸ್ಥಿತಿಯ ಬಗ್ಗೆ ಮುಚ್ಚಿಡದೆ ನಿಜ ಹೇಳಬೇಕೆಂದು ಪರಿಚಯದ ವೈದ್ಯರೊಬ್ಬರನ್ನು ಕೇಳಿದರು. ಇನ್ನು ಹೆಚ್ಚು ದಿನವಿಲ್ಲವೆಂದು ತಿಳಿದಾಗ ಮರಣವನ್ನೂ ಸಹೋದರಿಯೆಂದು ಸ್ವಾಗತಿಸಿದರು. ಜೀವನವಿಡೀ ದಂಡಿಸಿದ ತಮ್ಮ ದೇಹವನ್ನು ಅವರು ಪ್ರೀತಿಯಿಂದ ಕತ್ತೆಯೆಂದು ಕರೆಯುತ್ತಿದ್ದರು. ಕೊನೆಯ ದಿನಗಳಲ್ಲಿ ಆ ದೇಹದ ಕ್ಷಮೆಯನ್ನೂ ಬೇಡಿದರು. 1226ರ ಅಕ್ಟೋಬರ್ 3ರ ಸಂಜೆ ಪೊರ್ಸಿಯುಂಕೊಲಾದಲ್ಲಿ ತೀರಿಕೊಂಡರು. ಚಿಕಿತ್ಸೆಗೆ ಒತ್ತಾಯಿಸಿದ್ದ ಕಾರ್ಡಿನಲ್ ಉಗೊಲಿನೊ ಅವರೇ ಒಂಬತ್ತನೇ ಗ್ರೆಗೊರಿ ಜಗದ್ಗುರುಗಳಾಗಿ, 1228ರ ಜುಲೈ 16ರಂದು ಅವರನ್ನು ಸಂತರೆಂದು ಘೋಷಿಸಿದರು.

ಆಪರೇಶನ್‌ಗೆ ದಿನ ಎಣಿಸುತ್ತಿರುವವರಿಗೆ ಈ ಜೀವನದಲ್ಲಿ ಕಲಿಯುವುದಿದೆ. ಭಯ ಪಾಪವಲ್ಲ, ಅವಿಶ್ವಾಸವೂ ಅಲ್ಲ. ಅದನ್ನು ಒಳಗೇ ಇಟ್ಟುಕೊಂಡು ಕೊರಗುವ ಬದಲು, ಯಾವುದಕ್ಕೆ ಹೆದರುತ್ತಿದ್ದೇವೆಂದು ಹೆಸರಿಟ್ಟು ಹೇಳಬೇಕು. ಅದು ಸೂಜಿಯೇ, ಅರಿವಳಿಕೆಯೇ, ಎಚ್ಚರವಾಗದಿದ್ದರೆ ಎಂಬ ಯೋಚನೆಯೇ? ಡಾಕ್ಟರಲ್ಲಿ, ಅರಿವಳಿಕೆ ತಜ್ಞರಲ್ಲಿ ಸಂಕೋಚವಿಲ್ಲದೆ ಕೇಳಬಹುದು. ನಿಜ ತಿಳಿದರೆ ಮನಸ್ಸು ಕಟ್ಟಿಕೊಂಡ ಕಲ್ಪನೆಗಳು ಕಡಿಮೆಯಾಗುತ್ತವೆ. ಚಿಕಿತ್ಸೆ ಬೇಡವೆಂದು ಹಟ ಹಿಡಿದವರು ಕಾರ್ಡಿನಲರ ಮಾತನ್ನು ನೆನಪಿಸಿಕೊಳ್ಳಲಿ.

ಮನೆಯವರಿಗೂ ವಾಳೆಯ ಗುರಿಕಾರರಿಗೂ ಇಲ್ಲೊಂದು ಪಾಠವಿದೆ. ಹೆದರಬೇಡಿ ಎಂದು ಹೇಳಿ ಹೊರಟುಬಿಡುವುದು ಸುಲಭ. ರೋಗಿಗೆ ಬೇಕಾದದ್ದು ಓಡಿಹೋಗದೆ ಹತ್ತಿರ ಕೂರುವವರು.

ಕೊನೆಯದಾಗಿ, ರೋಗಿಗಳ ಅಭ್ಯಂಗ ಸಂಸ್ಕಾರದ ವಿಚಾರ. ಧರ್ಮಗುರುಗಳನ್ನು ಕರೆದರೆ ರೋಗಿಗೆ ತನ್ನ ಕೊನೆಗಾಲ ಬಂತೆಂದು ಗಾಬರಿಯಾದೀತು ಎಂಬ ಅಳುಕು ಹಲವು ಮನೆಗಳಲ್ಲಿದೆ. ಈ ಸಂಸ್ಕಾರ ಸಾಯುವ ಗಳಿಗೆಯವರಿಗೆ ಮಾತ್ರವಲ್ಲವೆಂದು ಎರಡನೇ ವತಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿದೆ. ಗಂಭೀರ ಶಸ್ತ್ರಚಿಕಿತ್ಸೆಗೆ ಮೊದಲು ಇದನ್ನು ಸ್ವೀಕರಿಸುವುದು ಯೋಗ್ಯವೆಂದು ಕಥೋಲಿಕ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ಆಸ್ಪತ್ರೆಗೆ ಸೇರುವ ಮೊದಲೇ, ರೋಗಿ ಎಚ್ಚರದಿಂದ ಕುಳಿತು ಪ್ರಾರ್ಥಿಸಬಲ್ಲ ಹೊತ್ತಿನಲ್ಲೇ, ಧರ್ಮಗುರುಗಳಿಗೆ ತಿಳಿಸೋಣ.