ಮುಂದೆ ಇದ್ದರಷ್ಟೇ ಉಳಿವು: ಮೇಜರ್ ಟೇಲರ್

ಕಾರುಗಳು ಇನ್ನೂ ಅಪರೂಪವಾಗಿದ್ದ ಕಾಲ. ಅಮೆರಿಕದಲ್ಲಿ ಆಗ ಸೈಕಲ್ ರೇಸ್ ಎಂದರೆ ನಮ್ಮ ಇಂದಿನ ಕ್ರಿಕೆಟ್‌ನಷ್ಟೇ ಹುಚ್ಚು. ಆ ಟ್ರ್ಯಾಕ್‌ಗಳನ್ನು ಆಳಿದ ಕಪ್ಪು ವರ್ಣೀಯ ಮೇಜರ್ ಟೇಲರ್ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಆತನ ನಿಜವಾದ ಹೆಸರು ಮಾರ್ಷಲ್ ಟೇಲರ್. 1878ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಜನನ. ತಂದೆ ಶ್ರೀಮಂತ ಬಿಳಿಯರ ಮನೆಯಲ್ಲಿ ಸಾರೋಟು ಓಡಿಸುತ್ತಿದ್ದರು. ಮೊದಲ ಸೈಕಲ್ ಕೊಡಿಸಿದ್ದು ಆ ಮನೆಯವರೇ. ಮುಂದೆ ಸೈಕಲ್ ಅಂಗಡಿಯೊಂದರ ಎದುರು ಕಸರತ್ತು ಮಾಡಿ ಗಿರಾಕಿಗಳನ್ನು ಸೆಳೆಯುವ ಕೆಲಸ ಸಿಕ್ಕಿತು. ಅಲ್ಲಿ ತೊಡುತ್ತಿದ್ದ ಸೈನಿಕನ ಉಡುಪಿನಿಂದಲೇ ಮೇಜರ್ ಎಂಬ ಹೆಸರು ಅಂಟಿಕೊಂಡಿತು.

ಪ್ರತಿಭೆ ಗುರುತಿಸಿದ್ದು ಮಾಜಿ ಸೈಕ್ಲಿಸ್ಟ್ ಲೂಯಿಸ್ ಮಂಗರ್. ಅವರು ಟೇಲರ್‌ನನ್ನು ವೂಸ್ಟರ್ ನಗರಕ್ಕೆ ಕರೆದೊಯ್ದರು. 1896ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಆರು ದಿನಗಳ ರೇಸ್‌ನಲ್ಲಿ, ಹದಿನೆಂಟರ ಈ ಹುಡುಗ 2,700 ಕಿ.ಮೀ.ಗೂ ಹೆಚ್ಚು ತುಳಿದು ಎಂಟನೆಯವನಾದ. ಅಚ್ಚರಿಯೆಂದರೆ ಆತನ ನಿಜವಾದ ಶಕ್ತಿ ಇದ್ದದ್ದು ಸ್ಪ್ರಿಂಟ್‌ನಲ್ಲಿ!

ಆದರೆ ಸ್ಪ್ರಿಂಟ್‌ನಲ್ಲಿ ಎದುರಾಳಿ ಒಬ್ಬನೇ ಇರುತ್ತಿರಲಿಲ್ಲ. ಬಿಳಿಯ ಸವಾರರು ಒಟ್ಟಾಗಿ ಟೇಲರ್‌ನನ್ನು ಸುತ್ತುವರಿದು ದಾರಿ ಕಟ್ಟುತ್ತಿದ್ದರು, ಪಕ್ಕಕ್ಕೆ ತಳ್ಳುತ್ತಿದ್ದರು. 1897ರಲ್ಲಿ ರೇಸ್ ಮುಗಿದ ಮೇಲೆ ಒಬ್ಬ ಸವಾರ ಕತ್ತು ಹಿಸುಕಿ ಪ್ರಜ್ಞೆ ತಪ್ಪಿಸಿದ್ದೂ ಉಂಟು. ಗುಂಪಿನ ನಡುವೆ ಸಿಕ್ಕಿಬಿದ್ದರೆ ಅಪಾಯ. ಆದ್ದರಿಂದ ಮುನ್ನುಗ್ಗಿ ಎಲ್ಲರಿಗಿಂತ ಮುಂದೆಯೇ ಉಳಿಯುವುದನ್ನು ಟೇಲರ್ ರೂಢಿಸಿಕೊಂಡ. ಬೈಗುಳಗಳ ನಡುವೆಯೂ ಜನ ಟಿಕೆಟ್ ಕೊಂಡು ಬರುತ್ತಿದ್ದದ್ದು ಮಾತ್ರ ಆತನನ್ನು ನೋಡಲೆಂದೇ. ಸಂಘಟಕರಿಗೂ ಅದು ಚೆನ್ನಾಗಿ ಗೊತ್ತಿತ್ತು. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ಮೈಲಿ ಸ್ಪ್ರಿಂಟ್ ಗೆದ್ದು ಟೇಲರ್ ವಿಶ್ವ ಚಾಂಪಿಯನ್ ಆದ.

ಯುರೋಪಿನಿಂದ ದೊಡ್ಡ ಮೊತ್ತದ ಆಹ್ವಾನಗಳು ಬಂದವು. ಅಲ್ಲಿ ಭಾನುವಾರವೇ ರೇಸ್‌ನ ದಿನ. ತಾಯಿಯ ನಂಬಿಕೆಯಲ್ಲಿ ಬೆಳೆದ ಟೇಲರ್ ಭಾನುವಾರ ಸೈಕಲ್ ಮುಟ್ಟಲು ಒಪ್ಪಲಿಲ್ಲ. ಕೊನೆಗೆ 1901ರಲ್ಲಿ ಸಂಘಟಕರೇ ಬಗ್ಗಿದರು. ಪ್ಯಾರಿಸ್‌ನಲ್ಲಿ ಫ್ರೆಂಚರ ಕಣ್ಮಣಿ ಎಡ್ಮಂಡ್ ಜಾಕ್ಲಿನ್ ಎದುರು ಮೊದಲ ಪಂದ್ಯ ಸೋತು, ಕೆಲವೇ ದಿನಗಳಲ್ಲಿ ನಡೆದ ಮರುಪಂದ್ಯದಲ್ಲಿ ಸೇಡು ತೀರಿಸಿಕೊಂಡ. ತವರಿನಲ್ಲಿ ಹೋಟೆಲ್ ರೂಮಿಗೂ ಪರದಾಡುತ್ತಿದ್ದವನನ್ನು ಪ್ಯಾರಿಸ್ ಎತ್ತಿ ಆಡಿಸಿತು. ಆಸ್ಟ್ರೇಲಿಯಾವೂ ಅಷ್ಟೇ ಪ್ರೀತಿ ತೋರಿತು. 1904ರಲ್ಲಿ ಅಲ್ಲಿ ಹುಟ್ಟಿದ ಮಗಳಿಗೆ ಸಿಡ್ನಿ ಎಂದೇ ಹೆಸರಿಟ್ಟರು. ವೃತ್ತಿಯ ಕೊನೆಯ ವರ್ಷಗಳಲ್ಲಿ ಭಾನುವಾರದ ಪಟ್ಟು ಸಡಿಲವಾಯಿತು. ಅದನ್ನು ತಪ್ಪೆನ್ನಲು ನನಗಂತೂ ಮನಸ್ಸಿಲ್ಲ.

1910ರಲ್ಲಿ ನಿವೃತ್ತಿ. ವ್ಯಾಪಾರದಲ್ಲಿ ಹಣ ಕರಗಿತು, ಆರೋಗ್ಯ ಕೆಟ್ಟಿತು, ಸಂಸಾರ ಒಡೆಯಿತು. ಆತ್ಮಕಥೆ ಬರೆದು ತಾನೇ ಅಚ್ಚು ಹಾಕಿಸಿ ಮನೆಮನೆಗೆ ಹೊತ್ತು ಮಾರಿದ. ಬಾಗಿಲು ತೆರೆದ ಎಷ್ಟು ಜನರಿಗೆ ಎದುರು ನಿಂತವನು ಯಾರೆಂದು ತಿಳಿದಿತ್ತೋ! 1932ರಲ್ಲಿ ಷಿಕಾಗೋದ ಆಸ್ಪತ್ರೆಯ ಧರ್ಮಾರ್ಥ ವಾರ್ಡ್‌ನಲ್ಲಿ ಪ್ರಾಣ ಹೋಯಿತು. ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. 1948ರಲ್ಲಿ ಹಳೆಯ ಸೈಕ್ಲಿಸ್ಟ್‌ಗಳು ಸೇರಿ, ಸೈಕಲ್ ಕಂಪನಿಯ ಮಾಲೀಕ ಫ್ರಾಂಕ್ ಶ್ವಿನ್ ನೆರವಿನಿಂದ, ದೇಹವನ್ನು ಹೊರತೆಗೆಸಿ ಅದೇ ಸ್ಮಶಾನದ ಉತ್ತಮ ಜಾಗದಲ್ಲಿ ಮತ್ತೆ ಹೂಳಿಸಿ, ಹೆಸರು ಕೆತ್ತಿಸಿದರು.