ಮೈಕಲ್ ಜ್ಯಾಕ್ಸನ್ (ಬಿಯರ್ ವಿಮರ್ಶಕ)

ಮೈಕಲ್ ಜ್ಯಾಕ್ಸನ್ (ಮಾರ್ಚ್ ೨೭, ೧೯೪೨ – ಆಗಸ್ಟ್ ೩೦, ೨೦೦೭) ಇಂಗ್ಲೆಂಡಿನ ಪತ್ರಕರ್ತರು ಹಾಗೂ ಬಿಯರ್ ಮತ್ತು ವಿಸ್ಕಿಗಳ ರುಚಿ ವಿಮರ್ಶಕರು. ಇದೇ ಹೆಸರಿನ ಅಮೆರಿಕದ ಗಾಯಕ ಬೇರೊಬ್ಬರು.

ಯಾರ್ಕ್‌ಷೈರ್ ಪ್ರಾಂತ್ಯದ ವೆದರ್ಬಿಯಲ್ಲಿ ಜನಿಸಿದ ಇವರು ೧೯೭೭ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಗೈಡ್ ಟು ಬಿಯರ್’ ಕೃತಿಯಲ್ಲಿ ಜಗತ್ತಿನ ಬಿಯರುಗಳನ್ನು ಶೈಲಿಗನುಸಾರವಾಗಿ ವರ್ಗೀಕರಿಸಿದರು. ಪೀಪಾಯಿಯಲ್ಲಿಯೇ ಹದಗೊಳ್ಳುವ ಇಂಗ್ಲಿಷ್ ಬಿಟರ್ ಏಲನ್ನು ತಣ್ಣನೆಯ ಲಾಗರಿನೊಡನೆ ಹೋಲಿಸದೆ, ಹಾಪ್ ಹೂವಿನ ಕಹಿ ಮತ್ತು ಮಾಲ್ಟಿನ ಸಿಹಿಗಳ ಸಮತೋಲನವನ್ನು ಗಮನಿಸಿ ಅದರದೇ ಶೈಲಿಯೊಳಗೆ ತೂಗಿನೋಡುವ ಕ್ರಮಕ್ಕೆ ಈ ವರ್ಗೀಕರಣ ತಳಹದಿಯಾಯಿತು. ‘ದಿ ಬಿಯರ್ ಹಂಟರ್’ ದೂರದರ್ಶನ ಸರಣಿಯಿಂದ ಇವರು ಮನೆಮಾತಾದರು.

ಕೊನೆಯ ಒಂದು ದಶಕಕ್ಕೂ ಹೆಚ್ಚು ಕಾಲ ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿದರು. ಅದರ ಲಕ್ಷಣಗಳನ್ನು ಕೆಲವರು ಕುಡಿತದ ಅಮಲೆಂದು ಶಂಕಿಸಿದ್ದರಿಂದ, ಮರಣಕ್ಕೆ ಕೆಲವು ತಿಂಗಳ ಮೊದಲು ರೋಗದ ವಿಷಯವನ್ನು ಬಹಿರಂಗಪಡಿಸಿದರು. ಲಂಡನ್ನಿನ ಸ್ವಗೃಹದಲ್ಲಿ ತಮ್ಮ ೬೫ನೆಯ ವಯಸ್ಸಿನಲ್ಲಿ ನಿಧನರಾದರು.