ಡಾ. ವಿಲಿಯಂ ಬ್ರ್ಯಾಡ್ಲಿ ಕೋಲಿ (1862–1936)

ಕ್ಯಾನ್ಸರ್ ರೋಗಕ್ಕೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಮತ್ತು ಔಷಧ ಚಿಕಿತ್ಸೆಗಳಲ್ಲದೆ ರೋಗನಿರೋಧಕ ಚಿಕಿತ್ಸೆ, ಅಂದರೆ ಇಮ್ಯುನೊಥೆರಪಿ, ಎಂಬ ನಾಲ್ಕನೆಯ ವಿಧಾನವೂ ಈಗ ಬಳಕೆಯಲ್ಲಿದೆ. ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಿ ಅದರಿಂದಲೇ ಗಡ್ಡೆಯನ್ನು ನಾಶಪಡಿಸುವುದು ಈ ವಿಧಾನದ ತಿರುಳು. ಈ ದಾರಿಯಲ್ಲಿ ಮೊದಲಿಗೆ ಪಟ್ಟು ಹಿಡಿದು ದೀರ್ಘಕಾಲ ನಡೆದವರು ನ್ಯೂಯಾರ್ಕ್ ನಗರದ ಶಸ್ತ್ರವೈದ್ಯ ಡಾ. ವಿಲಿಯಂ ಬ್ರ್ಯಾಡ್ಲಿ ಕೋಲಿ. ಅವರು ಕಂಡದ್ದು ನಿಜವಾಗಿತ್ತು. ಅದಕ್ಕೆ ಕೊಟ್ಟ ವಿವರಣೆ ತಪ್ಪಾಗಿತ್ತು. ಈ ಎರಡರ ನಡುವಿನ ಅಂತರದಲ್ಲಿಯೇ ಅವರ ವೃತ್ತಿಜೀವನದ ನಲವತ್ತಕ್ಕೂ ಹೆಚ್ಚು ವರ್ಷಗಳು ಕಳೆದವು.

ಕೋಲಿಯವರು 1862ರ ಜನವರಿ 12ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಜನಿಸಿದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಕೆಲಕಾಲ ಶಾಲಾ ಉಪಾಧ್ಯಾಯರಾಗಿದ್ದು, ಬಳಿಕ ಹಾರ್ವರ್ಡ್ ವೈದ್ಯಕೀಯ ಶಾಲೆಯನ್ನು ಸೇರಿ 1888ರಲ್ಲಿ ವೈದ್ಯ ಪದವೀಧರರಾದರು. ನ್ಯೂಯಾರ್ಕ್ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ಅದೇ ನಗರದಲ್ಲಿ ವೃತ್ತಿಯನ್ನಾರಂಭಿಸಿದರು.

1890ರ ಶರತ್ಕಾಲದಲ್ಲಿ ಎಲಿಜಬೆತ್ ಡ್ಯಾಶಿಯೆಲ್ ಎಂಬ ಹದಿನೇಳು ವರ್ಷದ ತರುಣಿ ಚಿಕಿತ್ಸೆಗಾಗಿ ಅವರ ಬಳಿಗೆ ಬಂದಳು. ರೈಲು ಪ್ರಯಾಣದಲ್ಲಿ ಆಸನಗಳ ನಡುವೆ ಕೈ ಸಿಕ್ಕಿ ಪೆಟ್ಟಾಗಿತ್ತು. ಊತವೂ ನೋವೂ ಇಳಿದಿರಲಿಲ್ಲ. ಪರೀಕ್ಷೆಯಿಂದ ಅದು ಸಾರ್ಕೋಮಾ, ಅಂದರೆ ಮೂಳೆ, ಸ್ನಾಯು ಮೊದಲಾದ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಎಂದು ತಿಳಿಯಿತು. ಅಂದಿನ ವೈದ್ಯಶಾಸ್ತ್ರಕ್ಕೆ ತಿಳಿದಿದ್ದ ಉಪಾಯ ಒಂದೇ. ನವೆಂಬರ್ ತಿಂಗಳಲ್ಲಿ ಕೋಲಿಯವರು ಆಕೆಯ ಮುಂಗೈಯನ್ನು ಕತ್ತರಿಸಿ ತೆಗೆದರು. ಆದರೆ ರೋಗವು ಅಷ್ಟರಲ್ಲಿ ದೇಹದ ಇತರ ಭಾಗಗಳಿಗೆ ಹಬ್ಬಿತ್ತು. 1891ರ ಜನವರಿಯಲ್ಲಿ ಆಕೆ ತೀರಿಕೊಂಡಳು. ಇಪ್ಪತ್ತೊಂಬತ್ತು ವರ್ಷದ ಶಸ್ತ್ರವೈದ್ಯರಿಗೆ ಈ ಸಾವು ತಮ್ಮ ಕತ್ತಿಯ ಮಿತಿಯನ್ನು ತೋರಿಸಿಕೊಟ್ಟಿತು. (ಈ ತರುಣಿಯು ತೈಲೋದ್ಯಮಿ ರಾಕ್‌ಫೆಲರ್ ಅವರ ಮಗನ ಆಪ್ತ ಸ್ನೇಹಿತೆ. ಆ ಮನೆತನವು ಮುಂದೆ ವೈದ್ಯಕೀಯ ಸಂಶೋಧನೆಗೆ ನೀಡಿದ ಉದಾರ ನೆರವಿನ ಹಿಂದೆ ಈ ದುಃಖವೂ ಇತ್ತೆಂದು ಹೇಳುವುದುಂಟು.)

ಕೋಲಿಯವರು ನ್ಯೂಯಾರ್ಕ್ ಆಸ್ಪತ್ರೆಯ ಹಳೆಯ ಕಡತಗಳನ್ನು ತೆರೆದು ಸಾರ್ಕೋಮಾ ರೋಗಿಗಳ ದಾಖಲೆಗಳನ್ನು ಒಂದೊಂದಾಗಿ ಓದತೊಡಗಿದರು. ಅವುಗಳಲ್ಲಿ ಒಂದು ಅವರ ಗಮನ ಸೆಳೆಯಿತು. ಜರ್ಮನಿಯಿಂದ ವಲಸೆ ಬಂದ ಒಬ್ಬ ಬಡವನ ಕತ್ತಿನಲ್ಲಿ ಗಡ್ಡೆ ಬೆಳೆದಿತ್ತು. ಹಲವು ಬಾರಿ ಶಸ್ತ್ರಚಿಕಿತ್ಸೆ ಮಾಡಿದರೂ ಅದು ಮರುಕಳಿಸುತ್ತಲೇ ಇತ್ತು. ವೈದ್ಯರು ಕೈಬಿಟ್ಟ ಹೊತ್ತಿನಲ್ಲಿ ಆತನ ಗಾಯಕ್ಕೆ ಎರಿಸಿಪೆಲಸ್ ಎಂಬ ಸೋಂಕು ತಗುಲಿತು. ಚರ್ಮವನ್ನು ಕೆಂಪಗೆ ಉರಿಯುವಂತೆ ಮಾಡಿ ತೀವ್ರ ಜ್ವರ ತರುವ ಈ ಸೋಂಕು ಆ ಕಾಲದ ಆಸ್ಪತ್ರೆಗಳ ದುಃಸ್ವಪ್ನವಾಗಿತ್ತು. ಆಶ್ಚರ್ಯವೆಂದರೆ ಜ್ವರದ ನಂತರ ಗಡ್ಡೆ ಕರಗಿತು. ರೋಗಿ ಮನೆಗೆ ಹೋದನು. ಕಡತವು ಅಲ್ಲಿಗೆ ಮುಗಿದಿತ್ತು.

ಬೇರೆಯವರಾಗಿದ್ದರೆ ಇದನ್ನೊಂದು ವಿಚಿತ್ರವೆಂದು ಬರೆದಿಟ್ಟುಕೊಂಡು ಸುಮ್ಮನಾಗುತ್ತಿದ್ದರೇನೋ. ಕೋಲಿಯವರು ಆ ಮನುಷ್ಯನನ್ನೇ ಹುಡುಕಲು ಹೊರಟರು. ವಲಸಿಗರು ಕಿಕ್ಕಿರಿದು ವಾಸಿಸುತ್ತಿದ್ದ ಮ್ಯಾನ್‌ಹಟನ್ನಿನ ಕೆಳಪೂರ್ವ ಭಾಗದ ವಠಾರಗಳಲ್ಲಿ ಬಾಗಿಲಿಂದ ಬಾಗಿಲಿಗೆ ಅಲೆದು ಕೊನೆಗೂ ಆತನನ್ನು ಕಂಡುಹಿಡಿದರು. ಸೋಂಕು ತಗುಲಿ ಸುಮಾರು ಏಳು ವರ್ಷಗಳು ಕಳೆದಿದ್ದವು. ಆತನ ಕತ್ತಿನ ಮೇಲೆ ದೊಡ್ಡ ಕಲೆಯಿತ್ತು. ರೋಗದ ಸುಳಿವು ಇರಲಿಲ್ಲ.

ಸೋಂಕಿನಿಂದ ಗಡ್ಡೆ ಕುಗ್ಗುವುದನ್ನು ಕೋಲಿಯವರಿಗಿಂತ ಮೊದಲೇ ಕೆಲವರು ಗಮನಿಸಿದ್ದರು. ಜರ್ಮನಿಯ ಬುಷ್ ಎಂಬ ವೈದ್ಯರು 1860ರ ದಶಕದಲ್ಲಿ ಉದ್ದೇಶಪೂರ್ವಕವಾಗಿ ಒಬ್ಬ ರೋಗಿಗೆ ಈ ಸೋಂಕನ್ನು ಅಂಟಿಸಿದ್ದರು. ಅದೇ ದೇಶದ ಫೆಹ್ಲೈಸೆನ್ ಅವರು 1880ರ ದಶಕದಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯವೇ ಎರಿಸಿಪೆಲಸ್ಸಿಗೆ ಕಾರಣವೆಂದು ತೋರಿಸಿದ್ದರು. ಹೀಗಾಗಿ ರೋಗಾಣು ಯಾವುದೆಂಬುದು ತಿಳಿದಿತ್ತು. ಅದನ್ನು ನಿಗ್ರಹಿಸುವ ಔಷಧ ಮಾತ್ರ ಯಾರಲ್ಲಿಯೂ ಇರಲಿಲ್ಲ. ಪೆನಿಸಿಲಿನ್ ಬರಲು ಇನ್ನೂ ಅರ್ಧ ಶತಮಾನ ಬೇಕಿತ್ತು.

ಇಂತಹ ಸ್ಥಿತಿಯಲ್ಲಿ ಕೋಲಿಯವರು 1891ರ ಮೇ ತಿಂಗಳಲ್ಲಿ ಜೀವಂತ ರೋಗಾಣುಗಳನ್ನು ರೋಗಿಯ ದೇಹಕ್ಕೆ ಚುಚ್ಚಿದರು. ಆ ರೋಗಿ ಇಟಲಿಯಿಂದ ಬಂದ ಮೂವತ್ತೈದು ವರ್ಷದ ವ್ಯಕ್ತಿ. ಕತ್ತು ಮತ್ತು ಗಂಟಲಿನ ಗಡ್ಡೆಗಳಿಂದ ಆಹಾರ ನುಂಗುವುದೇ ಕಷ್ಟವಾಗಿತ್ತು. ಬದುಕು ಕೆಲವೇ ವಾರಗಳದ್ದೆಂದು ವೈದ್ಯರು ಎಣಿಸಿದ್ದರು. ತಿಂಗಳುಗಟ್ಟಲೆ ಚುಚ್ಚುಮದ್ದು ಕೊಟ್ಟರೂ ನಿರೀಕ್ಷಿಸಿದ ಸೋಂಕು ಉಂಟಾಗಲಿಲ್ಲ. ಬಳಿಕ ಜರ್ಮನಿಯ ಪ್ರಸಿದ್ಧ ವಿಜ್ಞಾನಿ ರಾಬರ್ಟ್ ಕೋಚ್ ಅವರ ಪ್ರಯೋಗಾಲಯದಿಂದ ಹೆಚ್ಚು ಪ್ರಬಲವಾದ ರೋಗಾಣುಗಳನ್ನು ತರಿಸಿ ಅಕ್ಟೋಬರ್‌ನಲ್ಲಿ ಪ್ರಯೋಗಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ನಡುಕ ಹುಟ್ಟಿ ಜ್ವರವು 105 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ರೋಗಿ ಸಾವಿನ ಅಂಚಿಗೆ ಹೋದನು. ಕತ್ತಿನ ಗಡ್ಡೆಯೂ ಒಡೆದು ಕರಗತೊಡಗಿ, ಎರಡು ವಾರಗಳಲ್ಲಿ ಕಾಣೆಯಾಯಿತು. ಆತನು ಚೇತರಿಸಿಕೊಂಡು ಸುಮಾರು ಎಂಟು ವರ್ಷ ಬದುಕಿದನು.

ಆದರೆ ಎಲ್ಲರಿಗೂ ಹಾಗಾಗಲಿಲ್ಲ. ಕೆಲವರಿಗೆ ಸೋಂಕು ಹತ್ತಲೇ ಇಲ್ಲ. ಇನ್ನು ಕೆಲವರಲ್ಲಿ ಗಡ್ಡೆ ಕುಗ್ಗುತ್ತಿದ್ದಂತೆಯೇ ಸೋಂಕು ಅವರ ಪ್ರಾಣವನ್ನು ತೆಗೆದುಕೊಂಡಿತು. ಚಿಕಿತ್ಸೆಯೇ ಕೊಲ್ಲುವುದಾದರೆ ಅದನ್ನು ಮುಂದುವರಿಸಲು ಯಾವ ಸಮರ್ಥನೆಯೂ ಇರಲಾರದು. ಕೋಲಿಯವರು ಇದನ್ನು ಅರಿತು ಮಾರ್ಗವನ್ನು ಬದಲಾಯಿಸಿದರು. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯವನ್ನು ಕಾಯಿಸಿ ಕೊಂದು, ಅದರೊಂದಿಗೆ ಇಂದು ಸೆರಾಷಿಯಾ ಎಂದು ಕರೆಯಲಾಗುವ ಇನ್ನೊಂದು ಬ್ಯಾಕ್ಟೀರಿಯದ ಸತ್ತ ಕಣಗಳನ್ನು ಬೆರೆಸಿದರು. ಸೋಂಕು ಹರಡುವ ಭಯವಿಲ್ಲದೆ ಜ್ವರವನ್ನು ಮಾತ್ರ ಉಂಟುಮಾಡುವ ಈ ಮಿಶ್ರಣವೇ ಕೋಲಿಯ ಟಾಕ್ಸಿನ್ ಎಂದು ಹೆಸರಾಯಿತು. 1893ರ ಜನವರಿಯಲ್ಲಿ ಹೊಟ್ಟೆಯ ಗೋಡೆಯಲ್ಲಿ ದೊಡ್ಡ ಗಡ್ಡೆಯಿದ್ದ ಹದಿನಾರರ ಹುಡುಗನೊಬ್ಬನಿಗೆ ಇದನ್ನು ಮೊದಲಿಗೆ ಕೊಡಲಾಯಿತು. ಕೆಲವು ತಿಂಗಳ ಚಿಕಿತ್ಸೆಯಲ್ಲಿ ಗಡ್ಡೆ ಕುಗ್ಗಿತು. ಆ ಹುಡುಗನು ಬೆಳೆದು ದೊಡ್ಡವನಾಗಿ, 26 ವರ್ಷಗಳ ನಂತರ ಹೃದಯಾಘಾತದಿಂದ ನಿಧನನಾದನು.

ಈ ಚಿಕಿತ್ಸೆ ಸುಲಭದ್ದಾಗಿರಲಿಲ್ಲ. ಚುಚ್ಚುಮದ್ದನ್ನು ಸಾಧ್ಯವಾದಾಗಲೆಲ್ಲ ಗಡ್ಡೆಯೊಳಕ್ಕೇ ಕೊಡಬೇಕಿತ್ತು. ಪ್ರಮಾಣವನ್ನು ಜ್ವರ ಬರುವವರೆಗೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮುಂದುವರಿಸಬೇಕಿತ್ತು. ತಾಳ್ಮೆಯಿಲ್ಲದ ವೈದ್ಯರು ಕಡಿಮೆ ಪ್ರಮಾಣ ಕೊಟ್ಟು, ಬೇಗ ನಿಲ್ಲಿಸಿ, ಫಲ ಕಾಣಲಿಲ್ಲವೆಂದರು. ಪಾರ್ಕ್ ಡೇವಿಸ್ ಕಂಪನಿಯು 1899ರಿಂದ ಟಾಕ್ಸಿನ್ ತಯಾರಿಸತೊಡಗಿತಾದರೂ ಬೇರೆ ಬೇರೆ ಕಡೆ ತಯಾರಾದ ಮಿಶ್ರಣಗಳ ಶಕ್ತಿ ಒಂದೇ ಸಮನಾಗಿರಲಿಲ್ಲ.

ತಪ್ಪು ಇತರರದು ಮಾತ್ರವಾಗಿರಲಿಲ್ಲ. ಕೋಲಿಯವರು ನೂರಾರು ರೋಗಿಗಳಿಗೆ ಚಿಕಿತ್ಸೆ ನೀಡಿದರೂ, ಚಿಕಿತ್ಸೆ ಪಡೆದವರನ್ನು ಪಡೆಯದವರೊಡನೆ ಹೋಲಿಸಿ ನೋಡುವ ವ್ಯವಸ್ಥೆಯನ್ನು ಕಟ್ಟಲಿಲ್ಲ. ಆ ಪದ್ಧತಿ ಅಂದು ರೂಢಿಯಲ್ಲಿಯೂ ಇರಲಿಲ್ಲ. ಔಷಧದ ತಯಾರಿಕೆಯನ್ನೂ ಚುಚ್ಚುವ ಕ್ರಮವನ್ನೂ ಆಗಾಗ ಬದಲಾಯಿಸುತ್ತಿದ್ದರು. ಶಸ್ತ್ರಚಿಕಿತ್ಸೆಯನ್ನೂ ಜೊತೆಗೂಡಿಸುತ್ತಿದ್ದುದರಿಂದ ಗುಣವಾದದ್ದು ಯಾವುದರಿಂದ ಎಂದು ಬಿಡಿಸಿ ಹೇಳುವುದು ಕಷ್ಟವಾಗಿತ್ತು. ಇದಲ್ಲದೆ ಕ್ಯಾನ್ಸರ್ ಒಂದು ಸೂಕ್ಷ್ಮಜೀವಿಯಿಂದ ಬರುವ ರೋಗವೆಂದೂ, ತಮ್ಮ ಟಾಕ್ಸಿನ್ ಗಡ್ಡೆಯನ್ನು ನೇರವಾಗಿ ಘಾತಿಸುತ್ತದೆಂದೂ ಅವರು ನಂಬಿದ್ದರು. ವಿಮರ್ಶಕರಿಗೆ ಇಷ್ಟು ಸಾಕಾಗಿತ್ತು. 1894ರಲ್ಲಿಯೇ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಈ ಚಿಕಿತ್ಸೆಯನ್ನು ಕಟುವಾಗಿ ಟೀಕಿಸಿತು. ಗುಣವಾದವರಿಗೆ ಇದ್ದದ್ದು ಕ್ಯಾನ್ಸರೇ ಅಲ್ಲವೆಂದು ಹೇಳಿದವರೂ ಉಂಟು.

ಅಷ್ಟರಲ್ಲಿ ಎಕ್ಸ್-ಕಿರಣ ಮತ್ತು ರೇಡಿಯಂ ಬಂದವು. ಪ್ರಮಾಣವನ್ನು ಅಳೆಯಬಹುದಾದ, ಕೆಲವೇ ದಿನಗಳಲ್ಲಿ ಗಡ್ಡೆ ಕುಗ್ಗುವುದನ್ನು ಕಾಣಬಹುದಾದ ವಿಕಿರಣ ಚಿಕಿತ್ಸೆಯ ಕಡೆಗೆ ವೈದ್ಯಲೋಕವು ವಾಲಿತು. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಕೋಲಿಯವರು ಮೂಳೆ ಗಡ್ಡೆಗಳ ವಿಭಾಗದ ಮುಖ್ಯಸ್ಥರಾಗಿದ್ದರು. ಅದೇ ಆಸ್ಪತ್ರೆಯ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ ಅವರು ವಿಕಿರಣದ ದೃಢ ಪಕ್ಷಪಾತಿಗಳು, ಟಾಕ್ಸಿನ್‌ನ ಪ್ರಬಲ ವಿರೋಧಿಗಳು. ಒಂದು ಬಗೆಯ ಮೂಳೆ ಕ್ಯಾನ್ಸರಿಗೆ ಇಂದಿಗೂ ಅವರ ಹೆಸರಿದೆ. ಒಂದೇ ಸೂರಿನಡಿ ಇಬ್ಬರ ಭಿನ್ನಾಭಿಪ್ರಾಯ ದಶಕಗಳ ಕಾಲ ಮುಂದುವರಿಯಿತು. ಕೋಲಿಯವರು ಸ್ವತಃ ಎಕ್ಸ್-ಕಿರಣ ಚಿಕಿತ್ಸೆಯನ್ನು ಬಳಸಿ ನೋಡಿ, ಅದರ ಪ್ರಯೋಜನವು ಬಹುಮಟ್ಟಿಗೆ ಆ ಜಾಗಕ್ಕೂ ಸ್ವಲ್ಪ ಕಾಲಕ್ಕೂ ಸೀಮಿತವೆಂಬ ತೀರ್ಮಾನಕ್ಕೆ ಬಂದಿದ್ದರು. ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ಅವರಿಗಿದ್ದ ಕೀರ್ತಿಯನ್ನು ಮಾತ್ರ ಯಾರೂ ಪ್ರಶ್ನಿಸಲಿಲ್ಲ.

1936ರ ಏಪ್ರಿಲ್ 16ರಂದು ಕೋಲಿಯವರು ನ್ಯೂಯಾರ್ಕಿನಲ್ಲಿ ನಿಧನರಾದರು. ಅವರೊಂದಿಗೆ ಈ ಚಿಕಿತ್ಸೆಯೂ ಮರೆಯಾಗುವುದರಲ್ಲಿತ್ತು. ಅದನ್ನು ಉಳಿಸಿದವರು ಮಗಳು ಹೆಲೆನ್ ಕೋಲಿ ನಾಟ್ಸ್. ಅವರು ವೈದ್ಯರಲ್ಲ. ತಂದೆಯ ಜೀವನಚರಿತ್ರೆ ಬರೆಯಲೆಂದು ಹಳೆಯ ಕಾಗದಪತ್ರಗಳನ್ನು ತೆರೆದವರು ಸುಮಾರು ಸಾವಿರ ರೋಗಿಗಳ ದಾಖಲೆಗಳ ನಡುವೆ ಕುಳಿತುಬಿಟ್ಟರು. ಯಾರಿಗೆ ಯಾವ ಮಿಶ್ರಣ, ಎಷ್ಟು ಪ್ರಮಾಣ, ಎಷ್ಟು ದಿನ, ಎಷ್ಟು ಜ್ವರ, ಮುಂದೆ ಎಷ್ಟು ವರ್ಷ ಬದುಕಿದರು ಎಂಬುದನ್ನು ವರ್ಷಗಳ ಕಾಲ ಕಲೆಹಾಕಿ ಪ್ರಕಟಿಸಿದರು. ತಂದೆ ಮಾಡದೆ ಬಿಟ್ಟಿದ್ದ ಲೆಕ್ಕವನ್ನು ಮಗಳು ಮಾಡಿದರೆನ್ನಬಹುದು. 1953ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಆದರೂ 1963ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಟಾಕ್ಸಿನ್‌ಅನ್ನು ಹೊಸದಾಗಿ ಪರೀಕ್ಷೆಗೊಳಪಡಬೇಕಾದ ಔಷಧವೆಂದು ವರ್ಗೀಕರಿಸಿದ್ದರಿಂದ ಅದರ ಬಳಕೆ ಬಹುತೇಕ ನಿಂತಿತು.

ಟಾಕ್ಸಿನ್ ಹೇಗೆ ಕೆಲಸ ಮಾಡುತ್ತದೆಂಬ ಪ್ರಶ್ನೆಗೆ ಉತ್ತರದ ಒಂದು ಭಾಗ 1975ರಲ್ಲಿ ದೊರೆಯಿತು. ಮೆಮೋರಿಯಲ್ ಆಸ್ಪತ್ರೆಯ ಉತ್ತರಾಧಿಕಾರಿಯಾದ ಸ್ಲೋನ್-ಕೆಟರಿಂಗ್ ಕೇಂದ್ರದಲ್ಲಿ ಲಾಯ್ಡ್ ಓಲ್ಡ್ ಮತ್ತು ಸಹೋದ್ಯೋಗಿಗಳು, ಬ್ಯಾಕ್ಟೀರಿಯದ ಅಂಶಗಳಿಗೆ ಪ್ರತಿಕ್ರಿಯೆಯಾಗಿ ಇಲಿಗಳ ದೇಹವೇ ಉತ್ಪಾದಿಸುವ, ಗಡ್ಡೆಯನ್ನು ಕೊಳೆಯಿಸಬಲ್ಲ ವಸ್ತುವೊಂದನ್ನು ಗುರುತಿಸಿದರು. ಅದಕ್ಕೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಎಂದು ಹೆಸರಿಟ್ಟರು. ಗಡ್ಡೆಯ ಮೇಲೆ ಎರಗುತ್ತಿದ್ದುದು ಕೋಲಿಯವರು ಚುಚ್ಚಿದ ವಿಷವಲ್ಲ, ಆ ವಿಷದಿಂದ ಎಚ್ಚೆತ್ತ ದೇಹ ಎಂಬ ತಿಳಿವಳಿಕೆ ಇಂತಹ ಸಂಶೋಧನೆಗಳಿಂದ ಬೆಳೆಯಿತು. ಜರ್ಮನಿಯಲ್ಲಿ 12 ರೋಗಿಗಳಿಗೆ ಆಧುನಿಕ ವಿಧಾನದಲ್ಲಿ ತಯಾರಿಸಿದ ಟಾಕ್ಸಿನ್ ನೀಡಿ ನಡೆಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಬ್ಬರ ಗಡ್ಡೆ ಭಾಗಶಃ ಕುಗ್ಗಿತ್ತು.

ನಮ್ಮಲ್ಲಿ ನವಜಾತ ಶಿಶುಗಳ ತೋಳಿಗೆ ಕ್ಷಯರೋಗದ ವಿರುದ್ಧ ಹಾಕುವ ಬಿ.ಸಿ.ಜಿ. ಲಸಿಕೆಯ ಬ್ಯಾಕ್ಟೀರಿಯವನ್ನೇ ಮೂತ್ರಕೋಶದ ಆರಂಭಿಕ ಹಂತದ ಕ್ಯಾನ್ಸರಿಗೆ ಔಷಧವಾಗಿ ಬಳಸಲಾಗುತ್ತದೆ. ಕೆನಡಾದ ವೈದ್ಯರು 1976ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. 1990ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸೂಕ್ಷ್ಮಜೀವಿಯನ್ನು ಗಡ್ಡೆಯ ಬಳಿಗೆ ಒಯ್ದು ದೇಹವನ್ನು ಎಚ್ಚರಿಸುವ ಕೋಲಿಯವರ ಮಾರ್ಗಕ್ಕೆ ಇಂದಿನ ಚಿಕಿತ್ಸೆಗಳಲ್ಲಿ ಅತ್ಯಂತ ಹತ್ತಿರವಾದದ್ದು ಇದೇ.

ಹೆಲೆನ್ ಅವರ ಸಂಸ್ಥೆಯು 1975ರಿಂದ ರೋಗನಿರೋಧಕ ವಿಜ್ಞಾನದ ಸಾಧಕರಿಗೆ ವಿಲಿಯಂ ಬಿ. ಕೋಲಿ ಪ್ರಶಸ್ತಿಯನ್ನು ನೀಡುತ್ತಿದೆ. ರೋಗನಿರೋಧಕ ಕಣಗಳನ್ನು ತಡೆಹಿಡಿಯುವ ವ್ಯವಸ್ಥೆಯನ್ನು ಸಡಿಲಿಸಿ ಕ್ಯಾನ್ಸರ್ ಚಿಕಿತ್ಸೆ ನೀಡುವ ಮಾರ್ಗವನ್ನು ತೋರಿಸಿದ ಜೇಮ್ಸ್ ಆಲಿಸನ್ ಅವರಿಗೆ 2005ರಲ್ಲಿ, ಜಪಾನಿನ ತಸುಕು ಹೊಂಜೊ ಅವರಿಗೆ 2014ರಲ್ಲಿ ಈ ಪ್ರಶಸ್ತಿ ಸಂದಿತು. ಅವರಿಬ್ಬರೂ 2018ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.